ನುಂಗಿದರೂ ಅರಗದ ಧೂಳು

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮುಖ್ಯ ಹಳಿಯನ್ನು ಬಿಟ್ಟು ಮಾರಿಕುಪ್ಪಂ ಕಡೆಗೆ ಹೊರಳುವ ರೈಲಿನಲ್ಲಿ ಕುಳಿತರೆ, ಸ್ವಲ್ಪ ಹೊತ್ತಿಗೆಲ್ಲ ಕಿಟಕಿಯಾಚೆ ಬೂದಿ ಬಣ್ಣದ ಬೋಳು ಗುಡ್ಡಗಳು ಕಾಣಿಸತೊಡಗುತ್ತವೆ. ಹೊಸಬರು ಅವನ್ನು ನಿಜವಾದ ಗುಡ್ಡಗಳೆಂದೇ ತಿಳಿಯುತ್ತಾರೆ. ಕೆಜಿಎಫ್ ಮಕ್ಕಳಿಗೆ ಮಾತ್ರ ಅವು ‘ಸಯನೈಡ್ ದಿಬ್ಬ’ಗಳು. ನೂರಿಪ್ಪತ್ತು ವರ್ಷ ಕಾಲ ನೆಲದಾಳದಿಂದ ಬಂಡೆ ಮೇಲೆತ್ತಿ, ಕುಟ್ಟಿ, ಹಿಟ್ಟು ಮಾಡಿ, ಅದರೊಳಗಿನ ಚಿನ್ನವನ್ನು ಸಯನೈಡ್ ದ್ರಾವಣದಲ್ಲಿ ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಹಿಟ್ಟು ಅದು. ಮೂರು ಕೋಟಿ ಟನ್ನಿಗೂ ಹೆಚ್ಚು. ಬೇಸಿಗೆಯಲ್ಲಿ ಗಾಳಿ ಎದ್ದಿತೆಂದರೆ ಆ ಹಿಟ್ಟು ಊರೊಳಗೆ ನುಗ್ಗಿ, ಒಣಹಾಕಿದ ಬಟ್ಟೆಯ ಮೇಲೂ ಮುಚ್ಚಳವಿಲ್ಲದ ಬಿಂದಿಗೆಯ ನೀರಿನ ಮೇಲೂ ಕೂರುತ್ತದೆ.

ಕಣ್ಣಿಗೆ ಕಾಣುವ ಈ ಧೂಳು ಊರಿಗೆ ಪರಿಚಿತವಾದದ್ದು. ಊರಿನ ಹಿರಿಯರನ್ನು ಕಾಡಿದ್ದು ಕಣ್ಣಿಗೆ ಕಾಣದ ಧೂಳು.

ಕೋಲಾರದ ಚಿನ್ನ ಬೆಣಚುಕಲ್ಲಿನ ಎಳೆಗಳಲ್ಲಿ ಸಿಕ್ಕಿಕೊಂಡಿತ್ತು. ಬೆಣಚುಕಲ್ಲೆಂದರೆ ಹೆಚ್ಚುಕಡಿಮೆ ಅಪ್ಪಟ ಸಿಲಿಕಾ. ಚಾಂಪಿಯನ್ ರೀಫ್‌ನಂಥ ಗಣಿಗಳು ಮೂರು ಕಿಲೋಮೀಟರ್ ಆಳ ದಾಟಿದ್ದವು. ಆ ಆಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಅಲ್ಲಿ ನಿಂತು ಕಲ್ಲು ಕೊರೆಯುತ್ತಿದ್ದವರ ಪುಪ್ಪುಸಕ್ಕೆ ಉಸಿರಿನ ಜೊತೆ ಸಿಲಿಕಾ ಧೂಳೂ ಇಳಿಯುತ್ತಿತ್ತು. ಅದರಿಂದ ಬರುವ ಸಿಲಿಕೋಸಿಸ್ ಎಂಬ ಕಾಯಿಲೆ ಭಾರತದಲ್ಲಿ ಮೊದಲು ವರದಿಯಾದದ್ದು ಇಲ್ಲಿಂದಲೇ, 1934ರಲ್ಲಿ. 1940ರಿಂದ 1946ರವರೆಗೆ ಇಲ್ಲಿನ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 44 ಮಂದಿಯ ಪುಪ್ಪುಸದಲ್ಲಿ ಅದರ ಗುರುತು ಕಂಡಿತು. ಹತ್ತು ಜನ ಗಣಿಗೆ ಇಳಿದರೆ ನಾಲ್ವರಿಗೆ ಎಂದ ಹಾಗಾಯಿತು.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಗಣಿಗಳನ್ನು ಮುಚ್ಚಿತು. ಶಾಫ್ಟಿನ ಚಕ್ರಗಳು ನಿಂತವು. ಒಳಗೆ ಕೂತ ಧೂಳು ಮಾತ್ರ ನಿವೃತ್ತಿಯಾದವರ ಜೊತೆಗೇ ಮನೆಗೆ ಬಂದಿತ್ತು.

ಈಗ ಬೇರೊಂದು ಎಕ್ಸ್‌ರೇಯ ಮಾತು. ಕೆಜಿಎಫ್ ಆಗಲಿ ಬಂಗಾರಪೇಟೆಯಾಗಲಿ, ಇಂದು ಅಜ್ಜ ಅಜ್ಜಿಯರಿರುವ ಮನೆಯ ಬೀರುವಿನ ಮೇಲೆ ಮಂಡಿಯದೋ ಸೊಂಟದ ಕೀಲಿನದೋ ಎಕ್ಸ್‌ರೇ ಲಕೋಟೆ ಇರುವುದು ಅಪರೂಪವೇನಲ್ಲ. ಸವೆದ ಕೀಲನ್ನು ತೆಗೆದು ಲೋಹ ಮತ್ತು ಪ್ಲಾಸ್ಟಿಕ್ಕಿನ ಕೀಲು ಕೂರಿಸುವ ಶಸ್ತ್ರಚಿಕಿತ್ಸೆ ಮನೆಮಾತಾಗಿದೆ. ಮಂಡಿಯ ಕೃತಕ ಕೀಲುಗಳ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿದ ಮೇಲೆ ಮಧ್ಯಮ ವರ್ಗದವರೂ ಅದರ ಲೆಕ್ಕ ಹಾಕತೊಡಗಿದರು. ಹೀಗೆ ಕೂರಿಸಿದ ಕೀಲು ಎಷ್ಟೋ ವರ್ಷ ಚೆನ್ನಾಗಿ ನಡೆಸುತ್ತದೆ. ಆದರೆ ಕೆಲವರಲ್ಲಿ ಹತ್ತು ಹದಿನೈದು ವರ್ಷಗಳ ತರುವಾಯ ಲೋಹದ ಸುತ್ತಲಿನ ಮೂಳೆ ತಾನಾಗಿ ಕರಗತೊಡಗುತ್ತದೆ. ಗೋಡೆಯ ಗಾರೆ ಉದುರಿದರೆ ಮೊಳೆ ಅಲ್ಲಾಡುವಂತೆ ಕೀಲೂ ಸಡಿಲಗೊಳ್ಳುತ್ತದೆ.

ಪುಪ್ಪುಸಕ್ಕೂ ಮಂಡಿಗೂ ಏನು ನಂಟು ಎಂದು ಕೇಳಬಹುದು. ಎರಡೂ ಕಡೆ ತಪ್ಪಿತಸ್ಥ ಸ್ಥಾನದಲ್ಲಿ ನಿಲ್ಲುವುದು ಒಂದೇ ಜೀವಕೋಶ. ಅದೂ ಎಂಥದು? ನಮ್ಮನ್ನು ಕಾಯಲೆಂದೇ ಇರುವಂಥದು.

ಆ ಕೋಶದ ಹೆಸರು ಮ್ಯಾಕ್ರೊಫೇಜ್. ಗ್ರೀಕ್ ಮಾತಿನಲ್ಲಿ ‘ದೊಡ್ಡ ತಿಂಡಿಪೋತ’. ಇಂಥ ಭಕ್ಷಕ ಕೋಶಗಳ ಕೆಲಸವನ್ನು ಮೊದಲು ಅರ್ಥ ಮಾಡಿಕೊಂಡವನು ರಷ್ಯಾದ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಆತ ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿದ್ದ. ಗಾಜಿನಂತೆ ಪಾರದರ್ಶಕವಾಗಿರುವ ನಕ್ಷತ್ರಮೀನಿನ ಮರಿಯೊಂದಕ್ಕೆ ತೋಟದ ಗುಲಾಬಿ ಮುಳ್ಳು ಚುಚ್ಚಿ, ರಾತ್ರಿಯೆಲ್ಲ ಚಡಪಡಿಸಿ, ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದ. ಮುಳ್ಳಿನ ಸುತ್ತ ಅಲೆಮಾರಿ ಕೋಶಗಳು ಮುತ್ತಿಗೆ ಹಾಕಿದ್ದವು. ಹೊರಗಿನಿಂದ ಬಂದದ್ದನ್ನು ಕೋಶಗಳು ಸುತ್ತುವರಿದು ನುಂಗುತ್ತವೆ ಎಂಬ ಈ ತಿಳಿವಿಗೆ 1908ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಪಾಲುದಾರನಾಗಿದ್ದವನು ಪಾಲ್ ಎರ್ಲಿಕ್. ಒಂದು ಗುಲಾಬಿ ಮುಳ್ಳಿನ ಖರ್ಚಿನಲ್ಲಿ ಇಷ್ಟು ದೊಡ್ಡ ವಿಜ್ಞಾನ ಸಿಕ್ಕಿದ್ದು ಅಪರೂಪ.

ಮ್ಯಾಕ್ರೊಫೇಜ್ ಏನನ್ನು ನುಂಗಬಲ್ಲದು ಎಂಬುದಕ್ಕೆ ಒಂದು ಅಳತೆಯಿದೆ. ಮಿಲಿಮೀಟರಿನ ಸಾವಿರದ ಒಂದು ಭಾಗವನ್ನು ಮೈಕ್ರಾನ್ ಎನ್ನುತ್ತಾರೆ. ಈ ಕೋಶದ ಅಡ್ಡಳತೆ ಸುಮಾರು 20 ಮೈಕ್ರಾನ್. ಅದರ ನಿತ್ಯದ ಊಟವಾದ ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್ ಮಾತ್ರ. ನುಂಗಿದ್ದನ್ನು ಅದು ಒಂದು ಪುಟ್ಟ ಚೀಲಕ್ಕೆ ಹಾಕಿ, ಆಮ್ಲವನ್ನೂ ಕಿಣ್ವಗಳನ್ನೂ ಸುರಿದು ಅರಗಿಸಿಬಿಡುತ್ತದೆ. ಕೋಟ್ಯಂತರ ವರ್ಷಗಳಿಂದ ಈ ಏರ್ಪಾಡು ಚೆನ್ನಾಗಿಯೇ ನಡೆದಿದೆ. ತೊಂದರೆ ಇಷ್ಟೇ: ನುಂಗುವ ಮುನ್ನ ಅದು ರುಚಿ ನೋಡುವುದು ಕಡಿಮೆ. ಗಾತ್ರ ಸರಿಹೊಂದಿದರೆ ಸಾಕು, ಬಾಯಿಗೆ ಹಾಕಿಕೊಂಡುಬಿಡುತ್ತದೆ.

ಗಣಿಯ ಧೂಳಿನಲ್ಲಿ ದಪ್ಪ ಕಣಗಳು ಮೂಗು ಗಂಟಲಲ್ಲೇ ಸಿಕ್ಕಿಕೊಂಡು ಕಫವಾಗಿ ಹೊರಬರುತ್ತವೆ. ಐದು ಮೈಕ್ರಾನಿಗಿಂತ ಸಣ್ಣವು ಪುಪ್ಪುಸದ ಕಟ್ಟಕಡೆಯ ಗಾಳಿಗೂಡುಗಳ ತನಕ ಹೋಗಿ ಕೂರುತ್ತವೆ. ಅಲ್ಲಿ ಕಾವಲಿಗಿರುವ ಮ್ಯಾಕ್ರೊಫೇಜ್ ಅದನ್ನು ಬ್ಯಾಕ್ಟೀರಿಯಾದಂತೆಯೇ ನುಂಗುತ್ತದೆ. ಆಮ್ಲ ಸುರಿಯುತ್ತದೆ. ಬೆಣಚುಕಲ್ಲು ಕರಗುವುದೆಲ್ಲಿ ಬಂತು? ಬದಲಿಗೆ ಆ ಹರಳಿನ ಮೈ ತಗುಲಿ ಕೋಶದೊಳಗಿನ ಚೀಲವೇ ಒಡೆಯುತ್ತದೆ. ಒಳಗಿದ್ದ ಕಿಣ್ವಗಳು ಸೋರುತ್ತವೆ. ಕೋಶದಲ್ಲಿ ಅಪಾಯದ ಗಂಟೆ ಹೊಡೆಯುತ್ತದೆ. ಇಂಟರ್‌ಲ್ಯೂಕಿನ್-1 ಎಂಬ ರಾಸಾಯನಿಕ ಸುದ್ದಿ ಹೊರಗೆ ಹೋಗುತ್ತದೆ. ಈ ಗಂಟೆಗೆ ಇನ್‌ಫ್ಲಮಸೋಮ್ ಎಂದು ಹೆಸರು. ಸಿಲಿಕಾ ಹರಳು ಅದನ್ನು ಬಾರಿಸುತ್ತದೆಂದು ವಿಜ್ಞಾನಿಗಳು ಖಚಿತವಾಗಿ ತೋರಿಸಿದ್ದು 2008ರಲ್ಲಷ್ಟೆ.

ಅಷ್ಟರಲ್ಲಿ ನುಂಗಿದ ಕೋಶ ಸಾಯುತ್ತದೆ. ಧೂಳಿನ ಕಣ ಹೊರಬೀಳುತ್ತದೆ, ಒಂದಿಷ್ಟೂ ಸವೆಯದೆ. ಇನ್ನೊಂದು ಮ್ಯಾಕ್ರೊಫೇಜ್ ಬಂದು ಅದನ್ನೇ ನುಂಗುತ್ತದೆ. ಅದೂ ಸಾಯುತ್ತದೆ. ಗಣಿ ಬಿಟ್ಟು ಬಂದ ಮೇಲೂ ಕೆಲವರ ಕಾಯಿಲೆ ವರ್ಷವರ್ಷ ಬಲಿಯುತ್ತ ಹೋದದ್ದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಹೊಸ ಧೂಳು ಬೇಕಾಗಿಯೇ ಇಲ್ಲ, ಹಳೆಯದೇ ಸುತ್ತಿ ಸುತ್ತಿ ಕೆಲಸ ಮಾಡುತ್ತದೆ. ಅಪಾಯದ ಸುದ್ದಿ ಕೇಳಿ ಬಂದ ನಾರು ನೇಯುವ ಕೋಶಗಳು ಗಾಯ ಮುಚ್ಚುವ ಉತ್ಸಾಹದಲ್ಲಿ ನಾರು ಹೆಣೆಯುತ್ತ ಹೋಗಿ, ಸ್ಪಂಜಿನಂತಿರಬೇಕಾದ ಪುಪ್ಪುಸ ಗಂಟುಗಂಟಾಗಿ ಗಡುಸಾಗುತ್ತದೆ. ಇದರ ಮೇಲೆ ಇನ್ನೊಂದು ಏಟು: ಕ್ಷಯದ ರೋಗಾಣುವನ್ನು ಹಿಡಿದಿಡಬೇಕಾದ ಕೋಶವೂ ಇದೇ ಮ್ಯಾಕ್ರೊಫೇಜ್. ಅದು ಸೋತಲ್ಲಿ ಕ್ಷಯ ಸುಲಭವಾಗಿ ಒಳಹೊಗುತ್ತದೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯವೂ ಅಂಟಿಕೊಳ್ಳುವುದು ಗಣಿ ಊರುಗಳ ಹಳೆಯ ಕಥೆ.

ಇನ್ನು ಕೀಲಿನ ಕಡೆಗೆ ಬರೋಣ. ಇಂದಿನ ಕೃತಕ ಸೊಂಟದ ಕೀಲಿಗೆ ದಾರಿ ಹಾಕಿದವರು ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ. ಅವರು ಕೆಲಸ ಮಾಡುತ್ತಿದ್ದ ಲ್ಯಾಂಕಾಷೈರ್‌ನ ರೈಟಿಂಗ್ಟನ್ ಆಸ್ಪತ್ರೆ ಮೊದಲಿಗೆ ಕ್ಷಯರೋಗಿಗಳಿಗಾಗಿ ಕಟ್ಟಿದ್ದು ಎಂಬುದು ಒಂದು ಕಾಕತಾಳೀಯ. ತೊಡೆಮೂಳೆಯ ಮೇಲ್ತುದಿಗೆ ಉಕ್ಕಿನ ಪುಟ್ಟ ಗುಂಡು, ಅದು ತಿರುಗಲು ನುಣುಪಾದ ಬಟ್ಟಲು — ಇದು ಅವರ ಯೋಜನೆ. 1950ರ ದಶಕದ ಕೊನೆಯಲ್ಲಿ ಬಟ್ಟಲಿಗೆ ಅವರು ಆರಿಸಿಕೊಂಡದ್ದು ಟೆಫ್ಲಾನ್, ಇಂದು ದೋಸೆ ಅಂಟದ ಕಾವಲಿಗೆ ಬಳಿಯುತ್ತಾರಲ್ಲ, ಅದೇ. ಜಾರುವ ಗುಣದಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಸುಮಾರು ಮುನ್ನೂರು ರೋಗಿಗಳಿಗೆ ಹಾಕಿದರು. ವರ್ಷಗಟ್ಟಲೆ ನರಳಿದವರು ಎದ್ದು ನಡೆದರು. ವೈದ್ಯರಿಗೂ ಸಂತೋಷವೋ ಸಂತೋಷ.

ಎರಡು ಮೂರು ವರ್ಷದಲ್ಲಿ ಒಬ್ಬೊಬ್ಬರೇ ನೋವೆಂದು ಮರಳಿ ಬರತೊಡಗಿದರು. ಬಿಚ್ಚಿ ನೋಡಿದರೆ ಬಟ್ಟಲು ಸವೆದು ತೂತಾಗುವ ಹಂತಕ್ಕೆ ಬಂದಿತ್ತು. ಸುತ್ತ ಗಿಣ್ಣಿನಂಥ ಬಿಳಿ ಮುದ್ದೆ ತುಂಬಿತ್ತು. ಮೂಳೆ ತಿಂದುಹೋಗಿತ್ತು. ಚಾರ್ನ್‌ಲಿ ತಾವೇ ಹಾಕಿದ್ದನ್ನು ತಾವೇ ಒಂದೊಂದಾಗಿ ತೆಗೆದರು. ಆ ದಿನಗಳಲ್ಲಿ ಅವರು ಮಾಡಿದ ಇನ್ನೊಂದು ಕೆಲಸವನ್ನು ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪಲಾರದು. ಟೆಫ್ಲಾನಿನ ತುಣುಕನ್ನೂ ಹೊಸದೊಂದು ಪ್ಲಾಸ್ಟಿಕ್ಕಿನ ತುಣುಕನ್ನೂ ತಮ್ಮದೇ ತೊಡೆಯೊಳಗೆ ಇಡಿಸಿಕೊಂಡರು! ಒಂಬತ್ತು ತಿಂಗಳ ಬಳಿಕ ಟೆಫ್ಲಾನ್ ಇದ್ದಲ್ಲಿ ಕೈಗೆ ಸಿಗುವಂಥ ಗಂಟು ಎದ್ದಿತ್ತು, ಹೊಸ ಪ್ಲಾಸ್ಟಿಕ್ ಇದ್ದಲ್ಲಿ ಏನೂ ತಿಳಿಯುತ್ತಿರಲಿಲ್ಲ. ಇದನ್ನು 1963ರಲ್ಲಿ ವೈದ್ಯ ಪತ್ರಿಕೆ ‘ಲ್ಯಾನ್ಸೆಟ್’ಗೆ ಬರೆದು ತಿಳಿಸಿದರು.

ಆ ಹೊಸ ಪ್ಲಾಸ್ಟಿಕ್ ಪಾಲಿಥಿಲೀನ್. ಅಂಗಡಿ ಚೀಲದ ಕುಲದ್ದೇ, ಆದರೆ ಬಹಳ ಉದ್ದದ ಅಣುಗಳ ಗಟ್ಟಿ ಜಾತಿ. ಅದನ್ನು ಮೊದಲು ತೋರಿಸಿದಾಗ ಚಾರ್ನ್‌ಲಿ ಉಗುರಿನಿಂದ ಕೆರೆದು ನೋಡಿ ಕೆಲಸಕ್ಕೆ ಬಾರದೆಂದು ಹೊರಟುಹೋದರಂತೆ. ಅವರ ಪ್ರಯೋಗಾಲಯದ ತಂತ್ರಜ್ಞ ಹ್ಯಾರಿ ಕ್ರೇವನ್ ಸುಮ್ಮನಿರಲಿಲ್ಲ. ಸಾಹೇಬರು ಪರಸ್ಥಳಕ್ಕೆ ಹೋಗಿದ್ದಾಗ ಅದನ್ನು ಉಜ್ಜುವ ಯಂತ್ರಕ್ಕೆ ಹಾಕಿಯೇಬಿಟ್ಟ. ಮೂರು ವಾರ ಹಗಲೂ ರಾತ್ರಿ ಉಜ್ಜಿದರೂ ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟು ಸವೆಯಲಿಲ್ಲ. 1962ರ ನವೆಂಬರಿನಿಂದ ರೋಗಿಗಳಿಗೆ ಪಾಲಿಥಿಲೀನ್ ಬಟ್ಟಲು ಬಂತು. ಇಂದಿಗೂ ಕೃತಕ ಕೀಲುಗಳಲ್ಲಿ ಹೆಚ್ಚಿನವು ಅದರ ಸಂತತಿಯನ್ನೇ ನಂಬಿವೆ. ಶಾಲಾ ಪುಸ್ತಕಗಳಲ್ಲಿ ಕ್ರೇವನ್ ಹೆಸರು ಸಿಗುವುದಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು.

ಪಾಲಿಥಿಲೀನೂ ಸವೆಯದೆ ಇರಲಿಲ್ಲ, ನಿಧಾನವಾಗಿ ಸವೆಯಿತು, ಅಷ್ಟೆ. ಹಳೆಯ ಬಗೆಯ ಬಟ್ಟಲು ವರ್ಷಕ್ಕೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು ತೆಳುವಾಗುತ್ತಿತ್ತು. ಕೇಳಲು ಏನೇನೂ ಅಲ್ಲ. ಆದರೆ ಕೃತಕ ಕೀಲಿನವರು ಒಂದು ಕಾಲಿನ ಮೇಲೆ ವರ್ಷಕ್ಕೆ ಸುಮಾರು ಹತ್ತು ಲಕ್ಷ ಹೆಜ್ಜೆ ಹಾಕುತ್ತಾರೆ. ಹೆಜ್ಜೆಯೊಂದಕ್ಕೆ ಉದುರುವ ಪ್ಲಾಸ್ಟಿಕ್ ಕಣಗಳು ಲಕ್ಷಗಟ್ಟಲೆ ಎಂಬುದು ವಿಜ್ಞಾನಿಗಳ ಅಂದಾಜು. ಬಹುಪಾಲು ಕಣಗಳ ಗಾತ್ರ ಒಂದು ಮೈಕ್ರಾನಿಗಿಂತ ಕಡಿಮೆ. ಅಂದರೆ ಮ್ಯಾಕ್ರೊಫೇಜಿನ ಬಾಯಿಗೆ ಹೇಳಿ ಮಾಡಿಸಿದ ತುತ್ತು! ಬೆಣಚುಕಲ್ಲಿನ ಧೂಳು ಉಸಿರಿನ ಜೊತೆ ಹೊರಗಿನಿಂದ ಬಂದರೆ ಇದು ಒಳಗೇ ಹುಟ್ಟುತ್ತದೆ. ಪ್ರತಿ ಹೆಜ್ಜೆಗೂ ಕೀಲಿನ ದ್ರವ ಒತ್ತಡಕ್ಕೆ ಸಿಕ್ಕಿ, ಬಿರುಕಿನೊಳಗೆ ಮಳೆನೀರು ಇಳಿಯುವಂತೆ ಲೋಹಕ್ಕೂ ಮೂಳೆಗೂ ನಡುವಿನ ಸಂದಿಗೆ ಈ ಧೂಳನ್ನು ತಳ್ಳುತ್ತದೆ.

ಇದು ತಿಳಿಯುವ ಮೊದಲು ವೈದ್ಯರು ಸಿಮೆಂಟನ್ನು ದೂರಿದ್ದರು. ಕೀಲನ್ನು ಮೂಳೆಗೆ ಹಿಡಿಸಲು ಹಲ್ಲಿನ ವೈದ್ಯರು ಬಳಸುವಂಥ ಅಕ್ರಿಲಿಕ್ ಸಿಮೆಂಟ್ ಹಾಕುತ್ತಾರೆ. ಮೂಳೆ ಕರಗುವುದು ಅದರ ಪಕ್ಕದಲ್ಲೇ ಕಾಣಿಸುತ್ತಿದ್ದುದರಿಂದ ‘ಸಿಮೆಂಟ್ ರೋಗ’ ಎಂಬ ಹೆಸರೂ ಬಿತ್ತು. ಸಿಮೆಂಟೇ ಇಲ್ಲದ ಕೀಲುಗಳು ಬಂದವು. ಅವುಗಳ ಸುತ್ತಲೂ ಮೂಳೆ ಕರಗಿತು! ಸವೆದ ಕಣಗಳೇ ಕಾರಣವಿರಬೇಕೆಂದು ವಿಲರ್ಟ್ ಮತ್ತು ಸೆಮ್ಲಿಷ್ ಎಂಬ ಸಂಶೋಧಕರು 1977ರಲ್ಲೇ ಬರೆದಿದ್ದರು. 1983ರಲ್ಲಿ ಗೋಲ್ಡ್‌ರಿಂಗ್ ಮತ್ತು ಸಂಗಡಿಗರು ಸಡಿಲವಾದ ಕೀಲಿಗೂ ಮೂಳೆಗೂ ನಡುವೆ ಬೆಳೆದಿದ್ದ ತೆಳು ಪೊರೆಯನ್ನು ಪರೀಕ್ಷಿಸಿ, ಅದು ಮೂಳೆ ಕರಗಿಸುವಂಥ ರಾಸಾಯನಿಕಗಳನ್ನು ತಾನೇ ತಯಾರಿಸುತ್ತಿದೆ ಎಂದು ತೋರಿಸಿದರು. ಆ ಪೊರೆಯ ತುಂಬ ಪ್ಲಾಸ್ಟಿಕ್ ನುಂಗಿ ಕೂತ ಮ್ಯಾಕ್ರೊಫೇಜುಗಳಿರುತ್ತವೆ.

ವಿಜ್ಞಾನದ ವಿದ್ಯಾರ್ಥಿಗೆ ಇಲ್ಲೊಂದು ಒಳ್ಳೆಯ ಪ್ರಶ್ನೆ ಕಾದಿದೆ. ಕೋಶ ಒಂದೇ, ಕಣದ ಗಾತ್ರವೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಪುಪ್ಪುಸದಲ್ಲಿ ಬೇಡದ್ದು ಬೆಳೆಯುವುದೇಕೆ, ಮೂಳೆಯಲ್ಲಿ ಬೇಕಾದದ್ದು ಕರಗುವುದೇಕೆ?

ಉತ್ತರ ಅಕ್ಕಪಕ್ಕದವರಲ್ಲಿದೆ. ಮೂಳೆ ಕಲ್ಲಿನಂತೆ ನಿರ್ಜೀವ ವಸ್ತುವಲ್ಲ, ಸದಾ ರಿಪೇರಿ ನಡೆಯುತ್ತಿರುವ ಮನೆ. ಆಸ್ಟಿಯೊಕ್ಲಾಸ್ಟ್ ಎಂಬ ಕೋಶಗಳು ಹಳೆಯದನ್ನು ಆಮ್ಲ ಹಾಕಿ ಕೆಡವುತ್ತವೆ, ಆಸ್ಟಿಯೊಬ್ಲಾಸ್ಟ್‌ಗಳು ಹಿಂದೆಯೇ ಬಂದು ಹೊಸದು ಕಟ್ಟುತ್ತವೆ. ಹೀಗೆ ವರ್ಷಕ್ಕೆ ಅಸ್ಥಿಪಂಜರದ ಹತ್ತರಲ್ಲೊಂದು ಪಾಲು ಹೊಸದಾಗುತ್ತದೆ. ಕೆಡವುವವರನ್ನು ಕೆಲಸಕ್ಕೆ ಕರೆಯುವ ಕೂಲಿ ಚೀಟಿಯಂಥ ಒಂದು ಪ್ರೋಟೀನು ಇದೆ, ರ‍್ಯಾಂಕ್-ಎಲ್ ಎಂದು ಅದರ ಹೆಸರು. 1990ರ ದಶಕದ ಕೊನೆಯಲ್ಲಿ ಅದನ್ನು ಗುರುತಿಸಿದರು. (ಪರೀಕ್ಷೆಯ ರ‍್ಯಾಂಕಿಗೂ ಇದಕ್ಕೂ ಸಂಬಂಧವಿಲ್ಲ, ಪೋಷಕರು ಗಾಬರಿಯಾಗಬೇಕಿಲ್ಲ.) ಅದನ್ನು ತಡೆಯುವ ಇನ್ನೊಂದು ಪ್ರೋಟೀನೂ ಇರುವುದರಿಂದ ಕೆಡವುವುದು ಮಿತಿ ಮೀರುವುದಿಲ್ಲ.

ಪ್ಲಾಸ್ಟಿಕ್ ನುಂಗಿ ಅರಗಿಸಲಾರದ ಮ್ಯಾಕ್ರೊಫೇಜ್ ಹೊರಡಿಸುವ ಅಪಾಯದ ಸುದ್ದಿ ಪುಪ್ಪುಸದಲ್ಲಾದರೆ ನಾರು ನೇಯುವವರ ಕಿವಿಗೆ ಬೀಳುತ್ತದೆ. ಮೂಳೆಯ ಪಕ್ಕದಲ್ಲಿ ಅದು ಈ ಕೂಲಿ ಚೀಟಿಗಳ ಸಂಖ್ಯೆಯನ್ನು ಏರಿಸುತ್ತದೆ. ಅದೇ ಹೊತ್ತಿಗೆ ಕಟ್ಟುವ ಕೋಶಗಳ ಉತ್ಸಾಹವೂ ಕುಗ್ಗುತ್ತದೆ. ಇದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಆಸ್ಟಿಯೊಕ್ಲಾಸ್ಟ್ ಹುಟ್ಟುವುದೇ ಮ್ಯಾಕ್ರೊಫೇಜಿನ ವಂಶದ ಕೋಶಗಳು ಹಲವು ಕೂಡಿ ಒಂದಾಗುವುದರಿಂದ! ಕಾವಲುಗಾರನ ದಾಯಾದಿಗಳೇ ಮನೆ ಕೆಡವುವವರು. ಕಾವಲುಗಾರ ಕೂಗಿದಷ್ಟೂ ಅಲ್ಲಿಗೆ ಅವನ ಕುಲದವರು ಬಂದು ಸೇರುತ್ತಾರೆ, ಬಂದವರಲ್ಲಿ ಕೆಲವರು ಹಾರೆ ಹಿಡಿಯುತ್ತಾರೆ.

ಪ್ಲಾಸ್ಟಿಕ್ ಬೇಡವೆಂದು ಲೋಹದ ಗುಂಡಿಗೆ ಲೋಹದ್ದೇ ಬಟ್ಟಲು ಹಾಕಿ ನೋಡಿದ್ದೂ ಆಯಿತು. ಅಲ್ಲಿ ಕೋಬಾಲ್ಟ್, ಕ್ರೋಮಿಯಂ ಕಣಗಳು ಉದುರಿ, ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆಯ ಇನ್ನೊಂದು ದಳವಾದ ಟಿ-ಕೋಶಗಳೂ ಕೆರಳಿದವು. ಅಂಥ ಒಂದು ಬಗೆಯ ಕೀಲನ್ನು 2010ರ ಆಗಸ್ಟ್‌ನಲ್ಲಿ ತಯಾರಕರು ಜಗತ್ತಿನಾದ್ಯಂತ ಹಿಂದಕ್ಕೆ ಪಡೆದರು. ಅದನ್ನು ಹಾಕಿಸಿಕೊಂಡಿದ್ದ ಭಾರತೀಯರು ಸಾವಿರಾರು ಮಂದಿ. ಅವರಿಗೆ ಪರಿಹಾರದ ಸೂತ್ರ ಹೊರಬರುವ ಹೊತ್ತಿಗೆ 2018 ಬಂದಿತ್ತು.

ಕರಗುವ ಮೂಳೆಗೆ ಔಷಧವಿಲ್ಲವೇ? ಮೂಳೆ ಸವೆತಕ್ಕೆ ಕೊಡುವ ಡೆನೊಸುಮಾಬ್ ಎಂಬ ಔಷಧ ರ‍್ಯಾಂಕ್-ಎಲ್ ಅನ್ನು ಕಟ್ಟಿಹಾಕುತ್ತದೆ. ಅದನ್ನು ಕೆಲವೇ ರೋಗಿಗಳ ಮೇಲೆ ಪ್ರಯೋಗಿಸಿ, ಕೆಡವುವ ಕೋಶಗಳು ಕಡಿಮೆಯಾದವೆಂದು ಇಂಗ್ಲೆಂಡಿನ ಷೆಫೀಲ್ಡ್‌ನ ತಂಡ 2021ರಲ್ಲಿ ವರದಿ ಮಾಡಿದೆ. ಭರವಸೆಯ ಮಾತು ಹೌದು, ಆದರೆ ನಿತ್ಯದ ಚಿಕಿತ್ಸೆಯಾಗಿ ಅದು ಒಪ್ಪಿತವಾಗಿಲ್ಲ. ಸಿಲಿಕೋಸಿಸ್‌ಗಂತೂ ಗುಣಪಡಿಸುವ ಮದ್ದೇ ಇಲ್ಲ. ಹಾಗಾಗಿ ಎರಡು ಕಡೆಯೂ ನಿಜವಾಗಿ ಕೆಲಸ ಮಾಡಿದ್ದು ಧೂಳು ಹುಟ್ಟುವ ಜಾಗದಲ್ಲೇ ಅದನ್ನು ತಡೆಯುವ ಉಪಾಯ. ಗಣಿಗಳಲ್ಲಿ ಬೈರಿಗೆಯ ಒಳಗಿಂದಲೇ ನೀರು ಹಾಯಿಸಿ, ಧೂಳು ಏಳುವ ಮೊದಲೇ ಕೆಸರಾಗುವಂತೆ ಮಾಡಿದರು. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಜಲ್ಲಿ ಕ್ರಷರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಗ್ರಾನೈಟಿನಲ್ಲೂ ಬೆಣಚುಕಲ್ಲಿದೆ, ಮೂಗಿಗೆ ಕಟ್ಟಿದ ಟವೆಲ್ ಅದನ್ನು ತಡೆಯಲಾರದು. ಕೀಲಿನಲ್ಲಿ ನೀರು ಹಾಯಿಸಲಾಗದು. ಅಲ್ಲಿ ಪಾಲಿಥಿಲೀನಿಗೆ ವಿಕಿರಣ ಹಾಯಿಸಿ, ಅದರ ಉದ್ದುದ್ದ ಅಣುಗಳು ಒಂದಕ್ಕೊಂದು ಬೆಸೆದುಕೊಳ್ಳುವಂತೆ ಮಾಡಿದರು. 1990ರ ದಶಕದ ಕೊನೆಯಿಂದ ಬಳಕೆಗೆ ಬಂದ ಈ ಹೆಣೆದ ಪ್ಲಾಸ್ಟಿಕ್ಕಿನಲ್ಲಿ ಸವೆತ ಹಲವು ಪಟ್ಟು ಇಳಿಯಿತು. ಸೊಂಟದ ಕೀಲಿನ ಸುತ್ತ ಮೂಳೆ ಕರಗುವುದೂ ಅದರ ಜೊತೆಗೇ ಇಳಿಯಿತು.

ಹಾಗೆಂದು ಮನೆಯಲ್ಲಿ ಕೀಲು ಬದಲಿಸಿಕೊಂಡವರಿದ್ದರೆ ಹೆದರಬೇಕಾಗಿಲ್ಲ. ಹಲವು ದೇಶಗಳ ಲೆಕ್ಕ ಸೇರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಪೂರ್ತಿ ಬದಲಿಸಿದ ಮಂಡಿಗಳಲ್ಲಿ ನೂರಕ್ಕೆ 82, ಸೊಂಟದ ಕೀಲುಗಳಲ್ಲಿ ನೂರಕ್ಕೆ 58, ಇಪ್ಪತ್ತೈದು ವರ್ಷ ಬಾಳುತ್ತವೆ. ಅವು ಹಳೆಯ ಪ್ಲಾಸ್ಟಿಕ್ಕಿನ ಕಾಲದವೂ ಸೇರಿದ ಲೆಕ್ಕ. ಎಚ್ಚರ ಬೇಕಾದದ್ದು ಬೇರೆ ಕಡೆ. ಈ ಮೂಳೆ ಕರಗುವಿಕೆ ಬಹುಕಾಲ ಸದ್ದಿಲ್ಲದೆ ನಡೆಯುತ್ತದೆ. ಅಜ್ಜಿ ದೇವಸ್ಥಾನಕ್ಕೆ ಹೋಗಿಬರುತ್ತಿರುತ್ತಾರೆ, ಮಾರುಕಟ್ಟೆಗೆ ಹೋಗಿಬರುತ್ತಿರುತ್ತಾರೆ, ನೋವಿರುವುದಿಲ್ಲ. ಕುಳಿತಲ್ಲಿಂದ ಎದ್ದ ಮೊದಲ ಹೆಜ್ಜೆಗೆ ತೊಡೆಯಲ್ಲೋ ಮಂಡಿಯಲ್ಲೋ ಚಳಕು ಹೊಡೆಯಿತೆಂದು ಅವರು ಹೇಳುವ ಹೊತ್ತಿಗೆ ಒಳಗೆ ಸಾಕಷ್ಟು ಮೂಳೆ ಹೋಗಿರಬಹುದು. ಆಗ ಮತ್ತೆ ಮಾಡುವ ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಕಷ್ಟದ್ದು, ದುಬಾರಿಯದ್ದು. (ಜ್ವರ, ಊತ, ಗಾಯದಲ್ಲಿ ಸೋರಿಕೆ ಇದ್ದರೆ ಅದು ಧೂಳಿನದಲ್ಲ, ಸೋಂಕಿನ ಗುರುತಾಗಿರಬಹುದು; ಆಗ ಒಂದು ದಿನವೂ ಕಾಯಬಾರದು.) ನೋವಿಲ್ಲದಿದ್ದರೂ ವೈದ್ಯರು ಹೇಳಿದ ವರ್ಷಕ್ಕೆ ಎಕ್ಸ್‌ರೇ ತೆಗೆಸಬೇಕು ಎನ್ನುವುದು ಇದಕ್ಕೇ. ಕೀಲಿನ ತಯಾರಕರ ಹೆಸರು, ನಂಬರು ಇರುವ ಚೀಟಿಯನ್ನು ಆಸ್ಪತ್ರೆಯ ಬಿಲ್ಲಿನ ಜೊತೆ ಎಸೆದುಬಿಡುವವರೇ ಹೆಚ್ಚು. ಅದೂ ಕೈಗೆ ಸಿಗುವಲ್ಲಿರಬೇಕು.

ಇನ್ನು ಬೀರುವಿನ ಮೇಲಿನ ಆ ಲಕೋಟೆ. ಆಪರೇಷನ್ ಆಗಿ ಎಷ್ಟೋ ವರ್ಷವಾಯಿತು, ಇನ್ನೇಕೆ ಈ ಹಳೆಯ ಫಿಲ್ಮು ಎಂದು ಹಬ್ಬದ ಧೂಳು ಹೊಡೆಯುವಾಗ ಎಸೆಯಹೊರಟರೆ ಮಕ್ಕಳು ತಡೆಯಬೇಕು. ಬೆಳಗಿನ ರೈಲಿನಲ್ಲಿ ಅಜ್ಜಿಯನ್ನು ಬೆಂಗಳೂರಿನ ವೈದ್ಯರ ಬಳಿಗೆ ಕರೆದೊಯ್ಯುವಾಗ ಅದೂ ಜೊತೆಗಿರಲಿ. ವೈದ್ಯರು ಹಳೆಯದನ್ನೂ ಹೊಸದನ್ನೂ ಬೆಳಕಿನ ಹಲಗೆಗೆ ಅಕ್ಕಪಕ್ಕ ಸಿಕ್ಕಿಸಿ, ಬೆಳ್ಳಗೆ ಹೊಳೆಯುವ ಲೋಹದ ಅಂಚಿನುದ್ದಕ್ಕೂ ಕಣ್ಣಾಡಿಸುತ್ತಾರೆ. ಅವರು ಹುಡುಕುವುದು ಲೋಹಕ್ಕೂ ಮೂಳೆಗೂ ನಡುವೆ ಒಂದು ತೆಳ್ಳನೆಯ ಕಪ್ಪು ಗೆರೆಯನ್ನು. ಆ ಗೆರೆ ಮೊದಲೇ ಇತ್ತೇ, ಈಚೆಗೆ ಮೂಡಿತೇ, ಮೂಡಿ ಅಗಲವಾಗಿದೆಯೇ ಎಂಬುದನ್ನು ಹೊಸ ಫಿಲ್ಮು ಒಂದೇ ಹೇಳಲಾರದು.